ಇಲ್ಲದ ಊರಿನ ರೈಲ್ವೆ ಸ್ಟೇಷನ್

ಮಾಲ್ಗುಡಿ ಎಂಬ ಊರು ಯಾವ ಭೂಪಟದಲ್ಲೂ ಇಲ್ಲ. ಅದರ ರೈಲ್ವೆ ಸ್ಟೇಷನ್ ಮಾತ್ರ ಇದೆ! ಇದು ಒಗಟಲ್ಲ ಮಕ್ಕಳೇ, ನಿಜ. ಬೇಕಾದರೆ ಅಜ್ಜ ಅಜ್ಜಿಯನ್ನು ಕೇಳಿ ನೋಡಿ. ಅವರಿಗೆ ಮಾಲ್ಗುಡಿ ಗೊತ್ತು, ಸ್ವಾಮಿ ಗೊತ್ತು, ಆ ಧಾರಾವಾಹಿಯ ರಾಗವನ್ನು ಕೂತಲ್ಲೇ ಗುನುಗುತ್ತಾರೆ. ಅವರು ಟಿ.ವಿ.ಯಲ್ಲಿ ಕಂಡ ಆ ಪುಟ್ಟ ಸ್ಟೇಷನ್ನಿನ ನಿಜವಾದ ಹೆಸರು ಅರಸಾಳು.

ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗುವ ರೈಲು ಹತ್ತಿದರೆ ಕುಂಸಿ ದಾಟಿದ ಮೇಲೆ ಅರಸಾಳು ಬರುತ್ತದೆ. ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಈಗ ಅಲ್ಲಿ ಟಿಕೆಟ್ ಕೊಡುವುದಕ್ಕೆ, ರೈಲಿಗೆ ಕಾಯುವುದಕ್ಕೆ ಹೊಸ ಕಟ್ಟಡವಿದೆ. ನಾನು ಹೇಳಹೊರಟಿರುವುದು ಅದರ ಕತೆಯಲ್ಲ. ಹತ್ತಿರದಲ್ಲೇ ಇರುವ, ಹೆಂಚಿನ ಮಾಡಿನ, ಯಾವ ರೈಲಿಗೂ ಈಗ ಬೇಡವಾದ ಹಳೆಯ ಕಟ್ಟಡದ ಕತೆ. ನನ್ನೂರು ಅಲ್ಲಿಂದ ಮೂರು ಮೈಲಿ. ಮೈಲಿ ಎಂದೇ ಹೇಳುತ್ತೇನೆ. ನಾವು ನಡೆದ ಕಾಲದಲ್ಲಿ ಅದು ಕಿಲೋಮೀಟರ್ ಆಗಿರಲಿಲ್ಲ.

ಕಾಡಿಗೆ ರೈಲು ಬಂದದ್ದು

ಮೈಸೂರು ಸಂಸ್ಥಾನದ ಕಾಲದಲ್ಲಿ, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ಬಂದದ್ದು ಅಲ್ಲೇ ನಿಂತಿತು. ಶಿವಮೊಗ್ಗದಿಂದ ಆಚೆ ಸಾಗರ, ಹೊಸನಗರದ ಕಡೆಯವರಿಗೆ ಎತ್ತಿನ ಗಾಡಿಯೇ ಗತಿ. ಮಳೆಗಾಲದಲ್ಲಿ ಅದೂ ಇಲ್ಲ. ಮಲೆನಾಡಿನ ಮಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಸರಿನಲ್ಲಿ ಗಾಡಿಯ ಚಕ್ರ ಹೂತರೆ ಎತ್ತುಗಳನ್ನು ಬಿಚ್ಚಿ ಮನೆಗೆ ಹೊಡೆದುಕೊಂಡು ಬರುವುದು, ಗಾಡಿಯನ್ನು ಮಳೆ ಬಿಟ್ಟ ಮೇಲೆ ತರುವುದು. ಹಾಗಿತ್ತು ಸಂಚಾರ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೇ ಕಳೆಯಿತು. 1930ರ ದಶಕದಲ್ಲಿ ಹಳಿ ಮುಂದಕ್ಕೆ ಹೊರಟಿತು. ಕುಂಸಿ, ಅರಸಾಳು, ಆನಂದಪುರ, ಸಾಗರ ಎನ್ನುತ್ತ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ನೂರಕ್ಕೆ ಹತ್ತಿರ ಕಿಲೋಮೀಟರ್ ದಾರಿ.

ಇಷ್ಟು ಕಡಿಮೆ ಜನ ಇರುವ ಕಾಡಿನ ಕಡೆಗೆ ಸರ್ಕಾರ ಅಷ್ಟೊಂದು ದುಡ್ಡು ಸುರಿದದ್ದೇಕೆ? ನಮ್ಮಂಥವರು ಮದುವೆಗೆ, ತಿಥಿಗೆ ಹೋಗಿಬರಲಿ ಎಂದಲ್ಲ. ಕಾಡಿನಲ್ಲಿ ಮರವಿತ್ತು. ಕುಂಸಿಯ ನೆಲದಲ್ಲಿ ಮ್ಯಾಂಗನೀಸ್ ಅದಿರು ಇತ್ತು. 1923ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಲ್ಲಿದ್ದಲ ಬದಲು ಮರದ ಇದ್ದಿಲು ಬೇಕಾಗುತ್ತಿತ್ತು. ಅದಕ್ಕೆ ಮಲೆನಾಡಿನ ಕಾಡೇ ಆಧಾರ. ಇನ್ನು ದಾರಿಯ ಕೊನೆಯಲ್ಲಿ, ತಾಳಗುಪ್ಪದಿಂದ ಸುಮಾರು 15 ಕಿಲೋಮೀಟರ್ ಆಚೆ, ಜೋಗದ ಗುಂಡಿ. ಆ ನೀರಿನಿಂದ ವಿದ್ಯುತ್ ತೆಗೆಯುವ ಕೆಲಸ 1939ರಲ್ಲಿ ಆರಂಭವಾಗಿ 1948ರಲ್ಲಿ ದೀಪ ಹತ್ತಿತು. ನಮ್ಮೂರಿಗೆ ಆ ಕರೆಂಟು ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು ಎನ್ನುವುದು ಬೇರೆ ಮಾತು. ಜೋಗದ ಹತ್ತಿರದಲ್ಲೇ ಇದ್ದು ಚಿಮಣಿ ದೀಪದಲ್ಲಿ ಓದಿದವರು ನಾವು.

ತಾಳಗುಪ್ಪದಿಂದ ಘಟ್ಟ ಇಳಿದು ಹೊನ್ನಾವರಕ್ಕೆ ಹಳಿ ಹಾಕುತ್ತಾರಂತೆ ಎಂಬ ಮಾತನ್ನು ನಾನು ಚಡ್ಡಿ ಹಾಕುವ ಕಾಲದಿಂದ ಕೇಳುತ್ತಿದ್ದೇನೆ. ಈಗ ನನ್ನ ಮೊಮ್ಮಗಳೂ ಕೇಳುತ್ತಿದ್ದಾಳೆ. ಹಳಿ ಇನ್ನೂ ತಾಳಗುಪ್ಪದಲ್ಲೇ ನಿಂತಿದೆ.

ಬೆತ್ತದ ಬಳೆ, ಎಣ್ಣೆಯ ದೀಪ

ಮರಕ್ಕೆ, ಅದಿರಿಗೆ ಎಂದು ಹಾಕಿದ ಹಳಿಯ ಮೇಲೆ ಜನವೂ ಓಡಾಡತೊಡಗಿದರು. ಹಾಗಾಗಿ ಅರಸಾಳಿನಂಥ ಹಳ್ಳಿಗೂ ಒಂದು ಸ್ಟೇಷನ್ ಬಂತು, ಒಬ್ಬರು ಸ್ಟೇಷನ್ ಮಾಸ್ಟರ್ ಬಂದರು.

ಇಂಥ ಸಣ್ಣ ಸ್ಟೇಷನ್ನಿನಲ್ಲಿ ಏನು ಮಹಾ ಕೆಲಸ ಎಂದುಕೊಳ್ಳಬೇಡಿ. ಒಂದೇ ಜೋಡಿ ಹಳಿ. ಹೋಗುವ ರೈಲಿಗೂ ಅದೇ, ಬರುವ ರೈಲಿಗೂ ಅದೇ. ಎರಡು ರೈಲು ಎದುರುಬದುರಾಗಿ ಬಂದರೆ? ಆಗ ಮೊಬೈಲ್ ಇಲ್ಲ, ಕಂಪ್ಯೂಟರ್ ಇಲ್ಲ. ಅದಕ್ಕೆ ಹಿಂದಿನವರು ಹೂಡಿದ ಉಪಾಯ ಬಹಳ ಚೆಂದದ್ದು. ಒಂದು ಸ್ಟೇಷನ್ನಿನಿಂದ ಮುಂದಿನ ಸ್ಟೇಷನ್ನಿಗೆ ಹೋಗಬೇಕಾದರೆ ಡ್ರೈವರನ ಕೈಯಲ್ಲಿ ಅಪ್ಪಣೆ ಇರಬೇಕು. ಅಪ್ಪಣೆ ಇಲ್ಲದೆ ಎಂಜಿನ್ ಒಂದು ಹೆಜ್ಜೆ ಇಡುವಂತಿಲ್ಲ. ಕೆಲವು ದಾರಿಗಳಲ್ಲಿ ಆ ಅಪ್ಪಣೆ ಎಂದರೆ ಉಕ್ಕಿನ ಒಂದು ಚೆಂಡು. ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಯಂತ್ರ, ನಡುವೆ ತಂತಿ. ಈ ಯಂತ್ರದಿಂದ ಒಂದು ಚೆಂಡು ಹೊರಬಂದರೆ, ಅದು ಮತ್ತೆ ಯಾವುದಾದರೂ ಒಂದು ಯಂತ್ರದ ಹೊಟ್ಟೆ ಸೇರುವ ತನಕ ಇನ್ನೊಂದು ಚೆಂಡು ಎರಡರಿಂದಲೂ ಬರುವುದಿಲ್ಲ. ಎಳೆದರೂ ಬರುವುದಿಲ್ಲ, ಬಡಿದರೂ ಬರುವುದಿಲ್ಲ. ಹಾಗಾಗಿ ನಡುವಣ ಹಳಿಯ ಮೇಲೆ ಎಂದೂ ಒಂದೇ ರೈಲು. ಅಂಥ ಯಂತ್ರವಿಲ್ಲದ ಕಡೆ ಮುಂದಿನ ಸ್ಟೇಷನ್ನಿನವರನ್ನು ತಂತಿಯಲ್ಲೋ ಫೋನಿನಲ್ಲೋ ಕೇಳಿ, ದಾರಿ ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ಕೈಬರಹದ ಚೀಟಿ ಕೊಡುತ್ತಿದ್ದರು. ಅದಕ್ಕೆ ‘ಲೈನ್ ಕ್ಲಿಯರ್’ ಎಂದು ಹೆಸರು.

ಚೆಂಡಾಗಲಿ ಚೀಟಿಯಾಗಲಿ, ಅದನ್ನು ಒಂದು ಸಣ್ಣ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟುತ್ತಿದ್ದರು. ನಿಲ್ಲದೆ ಹೋಗುವ ಗೂಡ್ಸ್ ಗಾಡಿ ಬಂದಾಗ ನೋಡಬೇಕಿತ್ತು! ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಒಬ್ಬ ಬಳೆಯನ್ನು ಎತ್ತಿ ಹಿಡಿದು ನಿಂತಿರುತ್ತಿದ್ದ. ಎಂಜಿನ್ನಿನಿಂದ ಒಬ್ಬ ಮೈ ಹೊರಗೆ ಚಾಚಿ, ಹಿಂದಿನ ಸ್ಟೇಷನ್ನಿನ ಬಳೆಯನ್ನು ಕೆಳಕ್ಕೆ ಎಸೆದು, ಹೊಸ ಬಳೆಯೊಳಗೆ ತೋಳು ತೂರಿಸಿ ಎಗರಿಸಿಕೊಳ್ಳುತ್ತಿದ್ದ. ಒಂದು ಕ್ಷಣದ ಕೆಲಸ. ಹುಡುಗರಾಗಿದ್ದಾಗ ನಮಗೆ ಅದು ಸರ್ಕಸ್ಸಿಗಿಂತ ದೊಡ್ಡದು. ಮನೆಗೆ ಬಂದು ಅಮ್ಮನ ಹಳೆಯ ಸಿಂಬಿ ಹಿಡಿದು ಅದೇ ಆಟ. ತಮ್ಮ ಎಂಜಿನ್, ನಾನು ಸ್ಟೇಷನ್ ಮಾಸ್ಟರ್. ಮೆಟ್ಟಿಲ ಮೇಲೆ ಬಿದ್ದು ತಮ್ಮನ ಹಲ್ಲು ಮುರಿದ ದಿನ ಆ ರೈಲು ನಿಂತಿತು.

ಅರಸಾಳಿನ ಕೈಮರ, ಅಂದರೆ ಸಿಗ್ನಲ್ ಕಂಬ, ಇನ್ನೊಂದು ಬೆರಗು. ತೋಳು ಅಡ್ಡಲಾಗಿದ್ದರೆ ನಿಲ್ಲು, ಕೆಳಗೆ ಬಾಗಿದರೆ ಬಾ. ರಾತ್ರಿ ತೋಳು ಕಾಣುವುದಿಲ್ಲವಲ್ಲ, ಅದಕ್ಕೆ ಕೆಂಪು ಹಸಿರು ಗಾಜಿನ ಹಿಂದೆ ಸೀಮೆಎಣ್ಣೆಯ ದೀಪ. ದಿನಾ ಸಂಜೆ ಒಬ್ಬಾತ ದೀಪ ಹಿಡಿದು ಹಳಿಯ ಪಕ್ಕ ನಡೆದುಹೋಗಿ, ಕಂಬದ ಏಣಿ ಹತ್ತಿ, ದೀಪ ಇಟ್ಟು ಬರಬೇಕು. ಆ ಕೆಲಸದವನನ್ನು ನಾವು ಹುಡುಗರೆಲ್ಲ ದೀಪದ ಮಾಮ ಎನ್ನುತ್ತಿದ್ದೆವು. ಆಷಾಢದ ಗಾಳಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಕೊಪ್ಪೆಯೊಳಗೆ ದೀಪವನ್ನು ಎಳೆಗೂಸಿನ ಹಾಗೆ ಅವುಚಿಕೊಂಡು ಹೋಗುತ್ತಿದ್ದ. ಆರಿದರೆ ಮತ್ತೆ ಬಂದು ಹೊತ್ತಿಸಿಕೊಂಡು ಹೋಗುವುದು. ಒಮ್ಮೆ ನಾನು ಕೇಳಿದೆ: “ಮಾಮ, ಇಷ್ಟು ಮಳೇಲಿ ಒಂದಿನ ಇಡದಿದ್ರೆ ಏನಾಗ್ತದೆ?” ಆತ ನನ್ನ ತಲೆಯ ಮೇಲೆ ಒದ್ದೆ ಕೈ ಇಟ್ಟು, “ಏನೂ ಆಗಲ್ಲ ಮಾರಾಯ, ರೈಲು ಅಲ್ಲೇ ನಿಂತ್ಕೊಳ್ತದೆ. ಒಳಗಿರೋರಿಗೆ ಊಟಕ್ಕೆ ಹೊತ್ತಾಗ್ತದೆ,” ಎಂದ. ಇಷ್ಟೇ.

ಟಿಕೆಟ್ಟಿನ ವಿಷಯ ಹೇಳದೆ ಮುಂದೆ ಹೋದರೆ ಅಜ್ಜಂದಿರು ನನ್ನನ್ನು ಬಿಡುವುದಿಲ್ಲ. ಈಗಿನ ಹಾಗೆ ತೆಳ್ಳಗಿನ ಕಾಗದವಲ್ಲ, ಮೊಬೈಲಿನ ಸಂದೇಶವಂತೂ ಅಲ್ಲ. ಎರಡೂಕಾಲು ಇಂಚು ಉದ್ದದ ಗಟ್ಟಿ ರಟ್ಟು. ಅದನ್ನು ಕಂಡುಹಿಡಿದವನು ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್. ಮೊದಲು ಮರಗೆಲಸದವನು, ಆಮೇಲೆ ಸ್ಟೇಷನ್ ಮಾಸ್ಟರ್. ಒಬ್ಬೊಬ್ಬ ಪ್ರಯಾಣಿಕನಿಗೂ ಕೈಯಿಂದ ಚೀಟಿ ಬರೆದು ಬೇಸತ್ತು, 1830ರ ದಶಕದ ಕೊನೆಗೆ, ಕ್ರಮಸಂಖ್ಯೆ ಹಾಕಿದ ರಟ್ಟಿನ ಟಿಕೆಟ್ ಮಾಡಿದ. ಅದೇ ಕ್ರಮ ಪ್ರಪಂಚವೆಲ್ಲ ಸುತ್ತಿ ಅರಸಾಳಿನ ಕಿಟಕಿಗೂ ಬಂತು. ಟಿಕೆಟ್ಟನ್ನು ತಾರೀಖಿನ ಯಂತ್ರದ ಸಂದಿಗೆ ತೂರಿಸಿದರೆ ‘ಟಕ್’ ಎಂದು ಸದ್ದು. ಆ ಸದ್ದು ಕೇಳಿದ ಮೇಲೇ ಪ್ರಯಾಣ ನಿಜವಾಯಿತೆಂದು ನಮಗೆ ನಂಬಿಕೆ.

ಅಮ್ಮ ಮೊದಲು ನೋಡಿದ್ದು ಎಂಜಿನ್ನು

ನನ್ನ ಅಮ್ಮ ಅರಸಾಳಿಗೆ ಬಂದದ್ದು ರೈಲಿನಲ್ಲಿ, ಮದುಮಗಳಾಗಿ. ತವರುಮನೆ ಆನಂದಪುರದ ಹತ್ತಿರ. ಅವಳು ಅಲ್ಲಿಯವರೆಗೆ ರೈಲನ್ನೇ ನೋಡಿರಲಿಲ್ಲವಂತೆ. ಆ ಕಾಲದಲ್ಲಿ ಮದುವೆಗೆ ಮುಂಚೆ ಗಂಡಿನ ಮುಖವನ್ನು ಸರಿಯಾಗಿ ನೋಡುವ ಪದ್ಧತಿಯೂ ಇರಲಿಲ್ಲ. “ನಿಮ್ಮಪ್ಪನ ಮುಖ ಆಮೇಲೆ ನೋಡಿದ್ದು. ಮೊದಲು ನೋಡಿದ್ದು ಎಂಜಿನ್ನು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದ್ದೆ ಅಂತ ನಂಗೇ ಗೊತ್ತಿಲ್ಲ,” ಎಂದು ಮುದುಕಿಯಾದ ಮೇಲೂ ಹೇಳಿ ನಗುತ್ತಿದ್ದಳು.

ನಾನು ಕಾಲೇಜಿಗೆಂದು ಶಿವಮೊಗ್ಗ ಸೇರಿದಾಗ ಅದೇ ಪ್ಲಾಟ್‌ಫಾರಮ್ಮಿನಿಂದ ಹೊರಟೆ. ಕೈಯಲ್ಲೊಂದು ತಗಡಿನ ಟ್ರಂಕು, ಮೇಲೆ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ. ರೈಲು ಕುಲುಕಿದರೆ ಜಾಡಿ ಒಡೆದೀತೆಂದು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ರೈಲಿನ ವೇಗವೋ, ಕೇಳಬೇಡಿ. ಏರಿನಲ್ಲಿ ಎಂಜಿನ್ ಏದುಸಿರು ಬಿಡುವಾಗ ಇಳಿದು ಪಕ್ಕದಲ್ಲಿ ನಡೆದರೂ ಸಾಕು ಎನಿಸುತ್ತಿತ್ತು. ಆದರೆ ಅಪ್ಪ ಮಾತ್ರ ರೈಲು ತಿರುವಿನಲ್ಲಿ ಮರೆಯಾಗುವ ತನಕ ಅಲ್ಲೇ ನಿಂತಿದ್ದರು. ಆ ಕಟ್ಟಡದ ಮುಂದೆ ನಿಂತ ಅಪ್ಪನ ಚಿತ್ರವೇ ನನ್ನ ಕಣ್ಣಿನಲ್ಲಿರುವುದು. ಫೋಟೋ ಒಂದೂ ಇಲ್ಲ.

ಬೋರ್ಡು ಬದಲಾಯಿತು

ಈಗ ಮಾಲ್ಗುಡಿಗೆ ಬರೋಣ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1930ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಯುವಕನಿಗೆ ಕಾದಂಬರಿ ಬರೆಯುವ ಆಸೆ. ಅವನ ಅಜ್ಜಿ ಪಂಚಾಂಗ ನೋಡಿ ಒಳ್ಳೆಯ ದಿನ ಗೊತ್ತುಮಾಡಿ ಕೊಟ್ಟರು. ಆ ದಿನ ಯುವಕ ಒಂದು ನೋಟ್‌ಬುಕ್ ಕೊಂಡುತಂದು ಮೊದಲ ಸಾಲು ಬರೆಯಲು ಕೂತ. ಮನಸ್ಸಿನಲ್ಲಿ ಮೊದಲು ತೇಲಿಬಂದದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್; ಅದರ ಹೆಸರು ಮಾಲ್ಗುಡಿ. ಆ ಯುವಕ ಆರ್.ಕೆ. ನಾರಾಯಣ್. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾಯಿತು.

ಅಂದರೆ ಮೊದಲು ಊರು, ಆಮೇಲೆ ಸ್ಟೇಷನ್ ಅಲ್ಲ. ಮೊದಲು ಸ್ಟೇಷನ್, ಅದರ ಸುತ್ತ ಊರು! ಮಲ್ಲೇಶ್ವರದ ‘ಮಲ್’, ಬಸವನಗುಡಿಯ ‘ಗುಡಿ’ ಸೇರಿ ಮಾಲ್ಗುಡಿ ಆಯಿತೆಂದು ಕೆಲವರು ಹೇಳುತ್ತಾರೆ. ಚೆಂದದ ಊಹೆ, ಅಷ್ಟೇ. ನನಗೆ ಸೋಜಿಗವೆನಿಸುವುದು ಬೇರೆ. ನಾರಾಯಣ್ ಅವರ ಕಾಗದದ ಮೇಲೆ ಮಾಲ್ಗುಡಿಗೆ ರೈಲು ಬಂದ ದಶಕದಲ್ಲೇ ನಮ್ಮ ಕಾಡಿನ ದಾರಿಗೂ ರೈಲು ಬಂತು. ಎರಡಕ್ಕೂ ಆಗ ಒಂದರ ಸುದ್ದಿ ಇನ್ನೊಂದಕ್ಕೆ ಇರಲಿಲ್ಲ. ಭೇಟಿಯಾಗಲು ಅರ್ಧ ಶತಮಾನ ಹಿಡಿಯಿತು.

ಭೇಟಿ ಮಾಡಿಸಿದವರು ಶಂಕರ್ ನಾಗ್. ನಾರಾಯಣ್ ಅವರ ಕತೆಗಳನ್ನು ‘ಮಾಲ್ಗುಡಿ ಡೇಸ್’ ಎಂಬ ಧಾರಾವಾಹಿ ಮಾಡಲು ಹೊರಟಾಗ ಅವರಿಗೆ ಹಳೆಯ ಕಾಲದ ಊರು ಬೇಕಿತ್ತು. ಆಗುಂಬೆ ಊರಾಯಿತು. ಆಗುಂಬೆಯಲ್ಲಿ ರೈಲಿಲ್ಲ, ಹಾಗಾಗಿ ಸ್ಟೇಷನ್ನಿಗೆ ಅರಸಾಳು. ‘ಅರಸಾಳು’ ಬೋರ್ಡು ಹೋಗಿ ‘ಮಾಲ್ಗುಡಿ’ ಬೋರ್ಡು ಬಂತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸಂಗೀತ ಎಲ್. ವೈದ್ಯನಾಥನ್ ಅವರದು, ಚಿತ್ರಗಳು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. 1980ರ ದಶಕದ ನಡುವೆ ದೂರದರ್ಶನದಲ್ಲಿ ಬಂದಾಗ ಇಡೀ ದೇಶ ನೋಡಿತು.

ಸ್ವಾಮಿಯ ಕತೆಯ ಕೊನೆಯನ್ನು ಓದಿದ್ದೀರಾ ಮಕ್ಕಳೇ? ಅವನ ಪ್ರಾಣಸ್ನೇಹಿತ ರಾಜಮ್ ಊರು ಬಿಟ್ಟು ಹೋಗುತ್ತಾನೆ. ಇಬ್ಬರಿಗೂ ಜಗಳ, ಮಾತಿಲ್ಲ. ಸ್ವಾಮಿ ಒಂದು ಪುಸ್ತಕವನ್ನು ಕಾಣಿಕೆಯಾಗಿ ಹಿಡಿದು ಸ್ಟೇಷನ್ನಿಗೆ ಓಡುತ್ತಾನೆ. ರೈಲು ಹೊರಟೇಬಿಡುತ್ತದೆ. ಪುಸ್ತಕವೇನೋ ರಾಜಮ್‌ನ ಕೈ ಸೇರುತ್ತದೆ. ಆದರೆ ಜಗಳ ಮುಗಿಯಿತೋ ಇಲ್ಲವೋ, ಸ್ವಾಮಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಆಗ ನಾನು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ನಮ್ಮಲ್ಲಿ ಟಿ.ವಿ. ಇರಲಿಲ್ಲ; ಪಕ್ಕದ ಮನೆಯಲ್ಲಿತ್ತು. ಊರಿನಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೋದೆ. ಧಾರಾವಾಹಿ ಹಿಂದಿಯಲ್ಲಿ. ಅಮ್ಮನಿಗೆ ಒಂದಕ್ಷರ ತಿಳಿಯದು. ಸುಮ್ಮನೆ ಬತ್ತಿ ಹೊಸೆಯುತ್ತ ಕೂತಿದ್ದವಳು ತೆರೆಯ ಮೇಲೆ ಸ್ಟೇಷನ್ ಕಂಡದ್ದೇ ತಡ, “ಅಯ್ಯೋ, ಇದು ನಮ್ಮ ಅರಸಾಳು!” ಎಂದು ಎದ್ದುನಿಂತಳು. ಅಮ್ಮ ಓದು ಬಲ್ಲವಳಲ್ಲ, ಆದರೆ ಬೋರ್ಡಿನ ಅಕ್ಷರ ತನ್ನೂರಿನದಲ್ಲ ಎಂದು ಗುರುತು ಹಿಡಿದಳು. “ಹೆಸರು ತಪ್ಪು ಬರ್ದಿದಾರೆ ನೋಡು. ಯಾರಾದ್ರೂ ಹೇಳ್ಬಾರ್ದಾ?” ಪಕ್ಕದ ಮನೆಯವರು ನಕ್ಕರು. ನಾನೂ ನಕ್ಕೆ. ಅಮ್ಮ ನಗಲಿಲ್ಲ.

ಶಂಕರ್ ನಾಗ್ ಹೆಚ್ಚು ಕಾಲ ಇರಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. 35 ವರ್ಷ ಅಷ್ಟೇ. ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂದು ಆ ಕಾಲಕ್ಕೇ ಹೇಳುತ್ತಿದ್ದವರು ಅವರು.

ಮೀಟರ್ ಹೋಗಿ ಬ್ರಾಡ್ ಬಂತು

ಅರಸಾಳಿನ ದಾರಿ ಮೀಟರ್‌ಗೇಜ್. ಎರಡು ಹಳಿಗಳ ನಡುವೆ ಸರಿಯಾಗಿ 1 ಮೀಟರ್. ದೊಡ್ಡ ಊರುಗಳ ನಡುವೆ ಈಗ ಎಲ್ಲೆಡೆ ಇರುವುದು ಬ್ರಾಡ್‌ಗೇಜ್, 1,676 ಮಿಲಿಮೀಟರ್. ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡನ್ನೂ ಗುರುತು ಮಾಡಿ, ಒಂದರ ಪಕ್ಕ ಒಂದು. ಆಗ ನಮ್ಮ ರೈಲು ಎಷ್ಟು ಪುಟ್ಟದಾಗಿತ್ತು ಎಂದು ತಿಳಿಯುತ್ತದೆ. ಕಾಡಿನ ತಿರುವುಗಳಲ್ಲಿ ಕಡಿಮೆ ಖರ್ಚಿನಲ್ಲಿ ಹಾಕಲು ಅದು ಸರಿ. ಆದರೆ ಒಂದು ಗೇಜಿನ ಬೋಗಿ ಇನ್ನೊಂದರ ಮೇಲೆ ಓಡುವುದಿಲ್ಲವಲ್ಲ, ಅಲ್ಲಿದೆ ತೊಂದರೆ. ಬೀರೂರಿನಿಂದ ಶಿವಮೊಗ್ಗದವರೆಗಿನ ಹಳಿ ಬ್ರಾಡ್‌ಗೇಜ್ ಆದದ್ದೇ ನಮ್ಮ ದಾರಿ ಒಂಟಿಯಾಯಿತು. ಶಿವಮೊಗ್ಗದಲ್ಲಿ ಇಳಿದು ಗಾಡಿ ಬದಲಿಸಬೇಕು. ಬಸ್ಸುಗಳು ಹೆಚ್ಚಾದವು, ರೈಲಿಗೆ ಜನ ಕಡಿಮೆಯಾದರು. ಕೊನೆಕೊನೆಗೆ ಓಡುತ್ತಿದ್ದದ್ದು ರೈಲು ಬಸ್ಸು. ಬಸ್ಸಿನಂಥದ್ದೇ ಒಂದು ಗಾಡಿ, ಹಳಿಯ ಮೇಲೆ.

ಆಮೇಲೆ ಅದೂ ನಿಂತು, ಹಳೆಯ ಹಳಿ ಕಿತ್ತು, ಹೊಸದು ಹಾಕಿ, 2011ರ ಹೊತ್ತಿಗೆ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ರೈಲು ಬಂತು. ಇದು ಆಗಲೇಬೇಕಾದ ಕೆಲಸ. ಬೆಂಗಳೂರಿನಲ್ಲಿ ರಾತ್ರಿ ಮಲಗಿ ಬೆಳಗ್ಗೆ ಸಾಗರದಲ್ಲಿ ಕಣ್ಣು ಬಿಡುವ ಸುಖವನ್ನು ಬೇಡ ಎನ್ನುವಷ್ಟು ಹಳೆಯ ಕಾಲದವನು ನಾನಲ್ಲ. ಆದರೆ ಹೊಸ ರೈಲಿಗೆ ಹೊಸ ಸ್ಟೇಷನ್ ಕಟ್ಟಿದ ಮೇಲೆ ಹಳೆಯ ಕಟ್ಟಡ ಯಾರಿಗೂ ಬೇಡವಾಯಿತು. ಮಲೆನಾಡಿನಲ್ಲಿ ಕಟ್ಟಡವೊಂದನ್ನು ಹಾಳುಗೆಡವಲು ಯಾರೂ ಬರಬೇಕಾಗಿಲ್ಲ. ಹೆಂಚು ಕೈಯಾಡಿಸದೆ ನಾಲ್ಕು ಮಳೆಗಾಲ ಬಿಟ್ಟರೆ ಸಾಕು. ಒಮ್ಮೆ ಊರಿಗೆ ಹೋದಾಗ ನೋಡಿದೆ. ಗೋಡೆಯಲ್ಲಿ ಪಾಚಿ, ಒಳಗೆ ಗಿಡ, ಅಮ್ಮ ಮದುಮಗಳಾಗಿ ಇಳಿದ ಜಾಗದಲ್ಲಿ ಲಂಟಾನದ ಪೊದೆ. ಅಮ್ಮ ಆಗ ಇರಲಿಲ್ಲ. ಅವಳು ನೋಡದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ.

“ನಿನ್ನ ಬೊಂಬೆ ಎಲ್ಲಿ?”

ಆ ಕಟ್ಟಡವನ್ನು ಉಳಿಸಿದ್ದು ನಮ್ಮ ನೆನಪಲ್ಲ, ಸ್ವಾಮಿ. ಮಾಲ್ಗುಡಿಯ ಸ್ಟೇಷನ್ ಹೀಗೆ ಪಾಳುಬೀಳಬಾರದು ಎಂದು ಮನಸ್ಸಾಗಿ ರೈಲ್ವೆಯವರು ದುರಸ್ತಿ ಮಾಡಿಸಿ, 2020ರಲ್ಲಿ ಅದನ್ನು ಮಾಲ್ಗುಡಿ ಮ್ಯೂಸಿಯಂ ಆಗಿ ತೆರೆದರು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಇಲ್ಲಿಯೂ ಕೆಲಸ ಮಾಡಿದರು. ಮಾಲ್ಗುಡಿಯ ಕತೆಗಳ ಬೊಂಬೆಗಳು, ಚಿತ್ರಗಳು. ಹೊರಗೆ ಹಳೆಯ ರೈಲು ಬೋಗಿಯೊಂದನ್ನು ತಂದು ನಿಲ್ಲಿಸಿ ಚಹಾದ ಅಂಗಡಿ ಮಾಡಿದ್ದಾರೆ.

ಐದನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಎಲ್ಲ ಇಷ್ಟವಾಯಿತು. ಬೊಂಬೆಗಳ ಮುಂದೆ ನಿಂತು ಕೇಳಿದಳು:

“ಅಜ್ಜಾ, ಸ್ವಾಮಿ ಇಲ್ಲಿಂದಾನೇ ರೈಲು ಹತ್ತಿದ್ನಾ?”

“ಇಲ್ಲ ಪುಟ್ಟಿ. ಸ್ವಾಮಿ ಕತೆಯವನು. ಇಲ್ಲಿಂದ ನಿಜವಾಗಿ ರೈಲು ಹತ್ತಿದ್ದು ನಾನು.”

ಅವಳು ಸುತ್ತಲೂ ಒಮ್ಮೆ ನೋಡಿದಳು. “ಮತ್ತೆ ನಿನ್ನ ಬೊಂಬೆ ಎಲ್ಲಿ?”

ನಾನು ಜೋರಾಗಿ ನಕ್ಕೆ. ಪಕ್ಕದಲ್ಲಿದ್ದ ಒಬ್ಬರು ತಿರುಗಿ ನೋಡಿದರು. ಆದರೆ ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ಗಾಳಿಮಳೆಯಲ್ಲಿ ದೀಪ ಹಿಡಿದು ನಡೆದ ಮಾಮ, ಬೆತ್ತದ ಬಳೆ ಎತ್ತಿ ನಿಂತವರು, ಎಂಜಿನ್ನಿಗೆ ಹೆದರಿದ ಮದುಮಗಳು, ತಿರುವಿನ ತನಕ ನೋಡುತ್ತ ನಿಂತ ಅಪ್ಪ, ಇವರೆಲ್ಲ ಆ ಕಟ್ಟಡದ ನಿಜವಾದ ಒಕ್ಕಲು. ಕತೆಯ ಹುಡುಗನೊಬ್ಬ ಕೆಲವು ದಿನ ಬಂದು ಹೋದ, ಮನೆ ಅವನ ಹೆಸರಿಗಾಯಿತು. ನನಗೆ ಅವನ ಮೇಲೆ ಸಿಟ್ಟಿಲ್ಲ. ಅವನು ಬಾರದಿದ್ದರೆ ಗೋಡೆಯೂ ಉಳಿಯುತ್ತಿರಲಿಲ್ಲ. ಇಂಥ ಹಳೆಯ ಸ್ಟೇಷನ್ನುಗಳು ನಾಡಿನಲ್ಲಿ ಎಷ್ಟೋ ಇದ್ದವು. ಅವುಗಳಿಗೆ ಸ್ವಾಮಿ ಸಿಗಲಿಲ್ಲ. ಇದೇ ದಾರಿಯ ಸಾಗರದ ಸ್ಟೇಷನ್ನಿನ ವಿಷಯ ನೋಡಿ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹಕ್ಕೆ ಬೆಂಬಲವಾಗಿ ಬಂದಿದ್ದ ರಾಮಮನೋಹರ ಲೋಹಿಯಾ ಅವರನ್ನು ಪೊಲೀಸರು ಬಂಧಿಸಿದ್ದು ಅಲ್ಲಿ. ಉಳುವವನಿಗೆ ಭೂಮಿ ಸಿಗಬೇಕೆಂದು ನಡೆದ ಅಷ್ಟು ದೊಡ್ಡ ಹೋರಾಟದ ಗುರುತು ಆ ಪ್ಲಾಟ್‌ಫಾರಮ್ಮಿಗಿದೆ. ಆದರೆ ಮಾಲ್ಗುಡಿಯನ್ನು ಬಲ್ಲವರ ನಡುವೆ ಅದನ್ನು ಬಲ್ಲವರು ಎಷ್ಟು ಜನ?

ಮೊಮ್ಮಗಳಿಗೆ ಈ ಉತ್ತರವೆಲ್ಲ ಬೇಕಿರಲಿಲ್ಲ. ಬೋಗಿಯ ಅಂಗಡಿಯಲ್ಲಿ ನಾನು ಚಹಾ ಕುಡಿಯುವಾಗ ಅವಳು ದೀಪದ ಮಾಮನ ಹೆಸರೇನು ಎಂದು ಕೇಳಿದಳು. ಹೇಳಿದೆ. ಏಣಿಗೆ ಎಷ್ಟು ಮೆಟ್ಟಿಲು, ಬಿದ್ದಿದ್ದನೇ, ಮಕ್ಕಳಿದ್ದರೇ, ಅವನಿಗೆ ಜ್ವರ ಬಂದ ದಿನ ದೀಪ ಇಡುವವರು ಯಾರು ಎಂದೆಲ್ಲ ಕೇಳುತ್ತ ಹೋದಳು. ಗೊತ್ತಿದ್ದಷ್ಟು ಹೇಳಿದೆ. ಮನೆಗೆ ಬಂದ ಮೇಲೆ ಚಿತ್ರ ಬರೆದಳು. ಕಂಬ, ಕಂಬಕ್ಕಿಂತ ಎತ್ತರದ ಮಾಮ, ಅವನ ಕೊಪ್ಪೆಯೊಳಗೆ ಹಳದಿ ಬಣ್ಣದ ದೀಪ. ಮಳೆಗೆ ನೀಲಿ ಪೆನ್ಸಿಲ್ ಪೂರ್ತಿ ಖಾಲಿ ಮಾಡಿದ್ದಾಳೆ.

ಅರಸಾಳಿಗೆ ಹೋಗಬೇಕೆನ್ನುವವರು ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಹೋಗುವ ರೈಲು ಹಿಡಿಯಬೇಕು. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ವೇಳಾಪಟ್ಟಿ ನೋಡಿಕೊಂಡು ಹೊರಡಿ. ರಿಪ್ಪನ್‌ಪೇಟೆಯ ಕಡೆಯಿಂದ ರಸ್ತೆಯೂ ಇದೆ. ಮಳೆಗಾಲ ಮುಗಿದ ಕೂಡಲೇ, ಅಂದರೆ ದೀಪಾವಳಿಯ ಆಸುಪಾಸಿನಲ್ಲಿ ಹೋದರೆ ಕಾಡು ಹಸಿರಾಗಿರುತ್ತದೆ, ಜೋಗದಲ್ಲೂ ನೀರಿರುತ್ತದೆ. ಮಕ್ಕಳನ್ನು ಹಳಿಯ ಹತ್ತಿರ ಬಿಡಬೇಡಿ. ಮ್ಯೂಸಿಯಂ ನೋಡಿದ ಮೇಲೆ ಚಹಾದ ಬೋಗಿಯಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಆ ಕಡೆಯ ವಯಸ್ಸಾದವರು ಯಾರಾದರೂ ಪಕ್ಕದಲ್ಲಿದ್ದರೆ, ಮೀಟರ್‌ಗೇಜ್ ರೈಲಿನ ಮಾತೆತ್ತಿ ನೋಡಿ. ವಾಪಸು ಹೋಗುವ ರೈಲು ತಪ್ಪಿದರೆ ನನ್ನನ್ನು ಬೈಯಬೇಡಿ.